ಒಟಿಪಿ ಕೇಳದ ಕೆಲವು ಸೈಟುಗಳು

ಶಿರಸಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಡಿಟಿಪಿ, ಪಹಣಿ ಪ್ರಿಂಟು, ಕೆಲಸದ ಅರ್ಜಿ, ಮದುವೆ ಕಾಗದ, ಎಲ್ಲ ಆಗುತ್ತದೆ. 2003ರಲ್ಲಿ ಶುರು ಮಾಡಿದಾಗ ಬೋರ್ಡಿನ ಮೇಲೆ 'ಸೈಬರ್ ಕೆಫೆ' ಎಂದು ಬರೆಸಿದ್ದೆ. ಗಂಟೆಗೆ 30 ರೂಪಾಯಿ. ಆಮೇಲೆ ಎಲ್ಲರ ಕಿಸೆಗೂ ಇಂಟರ್ನೆಟ್ ಬಂತು. ಆ ಸಾಲಿನ ಮೇಲೆ ಬಣ್ಣ ಬಳಿಸಿದೆ. ಮಳೆ ಬಿಸಿಲಿಗೆ ಬಣ್ಣ ಎದ್ದುಹೋಗಿ ಈಗ ಹಳೆ ಅಕ್ಷರ ಮತ್ತೆ ಕಾಣುತ್ತಿದೆ.

ಮಳೆಗಾಲದಲ್ಲಿ ಮಧ್ಯಾಹ್ನದ ಹೊತ್ತು ಗಿರಾಕಿ ಕಡಿಮೆ. ಆಗ ಸುಮ್ನೆ ಏನಾದರೂ ತೆರೆದು ನೋಡುತ್ತಾ ಕೂರುವುದು ನನ್ನ ಅಭ್ಯಾಸ. ಸೈಟು ಚೆನ್ನಾಗಿದೆಯೋ ಇಲ್ಲವೋ ಎನ್ನುವುದಕ್ಕೆ ನನ್ನ ಅಳತೆ ಎರಡೇ. ಒಂದು, ಕೌಂಟರಿನ ಮೇಲಿರುವ ಹಳೆ ಕಂಪ್ಯೂಟರಿನಲ್ಲಿ ಅದು ಏದುಸಿರು ಬಿಡದೆ ನಡೆಯಬೇಕು. ಇನ್ನೊಂದು, ಮೊಬೈಲ್ ನಂಬರ್ ಕೇಳಬಾರದು. ದಿನಕ್ಕೆ ಐವತ್ತು ಸಲ "ಒಟಿಪಿ ಬಂತಾ?" ಎಂದು ಗಿರಾಕಿಗಳನ್ನು ಕೇಳುವ ಕಸುಬು ನನ್ನದು. ಬಿಡುವಿನಲ್ಲೂ ಅದೇ ಪಾಡು ಯಾರಿಗೆ ಬೇಕು?

ಈ ಅಳತೆಗೆ ಮೊದಲು ಸಿಕ್ಕಿದ್ದು ಗಾಳಿಯ ಸೈಟು. ಅರ್ಥ್ ಡಾಟ್ ನಲ್‌ಸ್ಕೂಲ್ ಡಾಟ್ ನೆಟ್. ತೆರೆದರೆ ಕಪ್ಪು ಪರದೆಯ ಮೇಲೆ ಭೂಮಿ, ಅದರ ಮೈಮೇಲೆಲ್ಲ ಕೂದಲೆಳೆಯಂಥ ಗೆರೆಗಳು ಹರಿದಾಡುತ್ತವೆ. ಅದು ಗಾಳಿ. ಕ್ಯಾಮರೂನ್ ಬೆಕ್ಕಾರಿಯೊ ಎನ್ನುವ ಸಾಫ್ಟ್‌ವೇರ್ ಎಂಜಿನಿಯರ್ 2013ರಲ್ಲಿ ಮಾಡಿದ್ದು. ಅಮೆರಿಕದ ಹವಾಮಾನ ಇಲಾಖೆಯ ಸೂಪರ್ ಕಂಪ್ಯೂಟರ್ ಹಾಕುವ ಲೆಕ್ಕವನ್ನೇ ತೆಗೆದುಕೊಂಡು ಹೀಗೆ ಚಿತ್ರ ಮಾಡಿ ತೋರಿಸುತ್ತಾನೆ. ಮೂರು ಗಂಟೆಗೊಮ್ಮೆ ಬದಲಾಗುತ್ತದೆ.

ಜುಲೈಯಲ್ಲಿ ಇದನ್ನು ನೋಡಬೇಕು. ಭೂಮಿಯನ್ನು ತಿರುಗಿಸಿ ಅರಬ್ಬೀ ಸಮುದ್ರವನ್ನು ಮುಂದೆ ತಂದುಕೊಳ್ಳಿ. ಮೆನುವಿನಲ್ಲಿ ಎತ್ತರ ಎನ್ನುವ ಕಡೆ 850 ಒತ್ತಿ. ಅಂದರೆ ನೆಲದಿಂದ ಹೆಚ್ಚುಕಮ್ಮಿ ಒಂದೂವರೆ ಕಿಲೋಮೀಟರ್ ಮೇಲೆ. ಮಡಗಾಸ್ಕರ್ ಕಡೆಯಿಂದ ಹೊರಟ ಗಾಳಿ ಕೀನ್ಯಾದ ಹತ್ತಿರ ಭೂಮಧ್ಯರೇಖೆ ದಾಟಿ, ಸೊಮಾಲಿಯಾದ ಮೂಲೆಯಲ್ಲಿ ಬಲಕ್ಕೆ ಹೊರಳಿ, ಇಡೀ ಸಮುದ್ರ ಹಾದು ಸೀದಾ ನಮ್ಮ ಕರಾವಳಿಗೆ ಬಂದು ಬಡಿಯುವುದು ಕಾಣುತ್ತದೆ. ಶಾಲೆಯಲ್ಲಿ 'ನೈಋತ್ಯ ಮಾರುತ' ಎಂದು ಎಷ್ಟು ಸಲ ಬಾಯಿಪಾಠ ಮಾಡಿದ್ದೇನೋ. ಅದು ಆಫ್ರಿಕಾವನ್ನು ಸುತ್ತು ಹಾಕಿಕೊಂಡು ಬರುವ ಗಿರಾಕಿ ಎಂದು ಗೊತ್ತಾಗಿದ್ದು ಐವತ್ತು ದಾಟಿದ ಮೇಲೆ, ಈ ಕೌಂಟರಿನಲ್ಲಿ ಕೂತು.

ನನ್ನ ಭಾವ ತೋಟದವರು. ಹೋದ ಮಳೆಗಾಲದಲ್ಲಿ ಒಂದು ದಿನ ಕೊಡೆ ಮಡಚಿ ಮೂಲೆಗಿಟ್ಟು ಒಳಗೆ ಬಂದರು. ಅಡಿಕೆಗೆ ಎರಡನೇ ಸಲದ ಬೋರ್ಡೋ ಮದ್ದು ಹೊಡೆಸಬೇಕಿತ್ತು. ಅದು ತಡವಾದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟಾಗಿತ್ತು. ಆದರೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಸಿಗುವುದು ಗುರುವಾರ ಮಾತ್ರ. ಆ ದಿನ ಮಳೆ ಹೊಳವಾಗಬೇಕು.

"ನಿನ್ನ ಆ ಗಾಳಿ ಯಂತ್ರ ಎಂತ ಹೇಳ್ತು ನೋಡು ಮಾರಾಯ," ಎಂದರು.

ನೋಡಿದೆ. ಮೂರು ಗಂಟೆಯ ಮಳೆ ತೋರಿಸುವ ಗುಂಡಿ ಒತ್ತಿ, ದಿನವನ್ನು ಮುಂದಕ್ಕೆ ಸರಿಸಿ ಗುರುವಾರಕ್ಕೆ ತಂದೆ. ನಮ್ಮ ಕಡೆ ಬಣ್ಣ ತೆಳ್ಳಗಿತ್ತು. ಭಾವನವರಿಗೆ ಖುಷಿ. ಗುರುವಾರ ಹನ್ನೆರಡು ಗಂಟೆವರೆಗೆ ಮದ್ದು ಹೊಡೆದರಂತೆ, ಒಂದೂವರೆಗೆ ಮಳೆ ಧೋ ಎಂದು ಸುರಿಯಿತಂತೆ. ಸೈಟಿನದೇನೂ ತಪ್ಪಿಲ್ಲ, ಅದನ್ನು ಕೇಳಬಾರದ್ದನ್ನು ನಾವು ಕೇಳಿದ್ದು. ಅದು ಜಗತ್ತನ್ನು ದೊಡ್ಡ ದೊಡ್ಡ ಚೌಕ ಮಾಡಿ ಲೆಕ್ಕ ಹಾಕುವ ವಿದ್ಯೆ. ಒಂದು ಚೌಕದೊಳಗೆ ಶಿರಸಿಯೂ ಸುತ್ತಲಿನ ಹಳ್ಳಿಗಳೂ ಒಟ್ಟಿಗೆ ಬಿದ್ದಿರುತ್ತವೆ. ಒಂದು ಗುಡ್ಡದ ಆಚೆ ಬಿಸಿಲು, ಈಚೆ ಮಳೆ ಎನ್ನುವ ನಮ್ಮ ಸೀಮೆಯನ್ನು ಅದು ಹೇಗೆ ಹಿಡಿದೀತು? ಭಾವನವರು ಮಾತ್ರ ಇವತ್ತಿಗೂ ಅಂಗಡಿ ಮುಂದೆ ಹೋಗುವಾಗ ಆಕಾಶ ತೋರಿಸಿ ನಗುತ್ತಾರೆ.

ಇನ್ನೊಂದು ತಕರಾರು ಇದೆ. ಮೆನುವಿನಲ್ಲಿ ಎಲ್ಲವೂ ತುಂಡಕ್ಷರ. ಎಸ್‌ಎಫ್‌ಸಿ (ನೆಲಮಟ್ಟ), ಟಿಪಿಡಬ್ಲ್ಯೂ (ಗಾಳಿಯಲ್ಲಿರುವ ಒಟ್ಟು ನೀರು) ಎಂದೆಲ್ಲ ಇದೆ. ಮೊದಲ ವಾರ ಯಾವುದು ಏನು ಎಂದು ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡಿದ್ದೆ.

ಅಲರ್ ಡಾಟ್ ಇಂಕ್ ಮಾತ್ರ ಬಿಡುವಿನದಲ್ಲ, ದಿನವೂ ಬೇಕು. ಕನ್ನಡ ಇಂಗ್ಲಿಷ್ ನಿಘಂಟು. ಅಲರ್ ಎಂದರೆ ಹೂ, ಹಳಗನ್ನಡದ ಪದ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕೂಡಿಸಿದ ಪದಗಳು ಇದರಲ್ಲಿವೆ. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕನ್ನಡ ಪದ, 2.4 ಲಕ್ಷಕ್ಕಿಂತ ಹೆಚ್ಚು ಇಂಗ್ಲಿಷ್ ಅರ್ಥ. 2019ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಸೈಟು ಕಟ್ಟಿದ್ದು ಷೇರು ವ್ಯವಹಾರದ ಕಂಪನಿ ಝೆರೋಧಾದ ಕೈಲಾಶ್ ನಾಧ್. ಅದಕ್ಕೂ ಮೊದಲು ಮಲಯಾಳಕ್ಕೆ 'ಓಳಂ' ಎನ್ನುವ ನಿಘಂಟು ಮಾಡಿದವರು.

ಅಂಗಡಿಗೆ ಹಳೆ ಕ್ರಯಪತ್ರ ಹಿಡಿದು ಬರುವ ಹುಡುಗರಿಗೆ ತರಿ, ಖುಷ್ಕಿ, ಬಾಗಾಯ್ತು ಯಾವುದೂ ಗೊತ್ತಿರುವುದಿಲ್ಲ. ಅಜ್ಜನ ಆಸ್ತಿ ಬೇಕು, ಅಜ್ಜನ ಮಾತು ಬೇಡ. ತರಿ ಎಂದರೆ ನೀರಾವರಿ ಗದ್ದೆ ಕಣೋ, ಖುಷ್ಕಿ ಎಂದರೆ ಒಣಭೂಮಿ, ಬಾಗಾಯ್ತು ಎಂದರೆ ತೋಟ ಎಂದು ನಾನೇ ಹೇಳುತ್ತೇನೆ. ನನಗೂ ಗೊತ್ತಿಲ್ಲದ್ದು ಬಂದರೆ ಅಲರ್ ತೆರೆಯುತ್ತೇನೆ. ಇದರ ದೊಡ್ಡ ಗುಣ ಎಂದರೆ ಕಾಗುಣಿತ ಸ್ವಲ್ಪ ತಪ್ಪಿದರೂ ಬೈಯುವುದಿಲ್ಲ. ಕಿವಿಗೆ ಒಂದೇ ಥರ ಕೇಳುವ ಪದಗಳನ್ನು ಹುಡುಕಿ ಮುಂದಿಡುತ್ತದೆ. ಅಲ್ಪಪ್ರಾಣ ಮಹಾಪ್ರಾಣದ ಗಲಾಟೆಯಲ್ಲಿ ಬೆಳೆದ ನನ್ನಂಥವನಿಗೆ ಇದು ದೊಡ್ಡ ಉಪಕಾರ.

ಕೊರತೆ ಏನೆಂದರೆ ಅರ್ಥ ಇಂಗ್ಲಿಷಿನಲ್ಲಿ. ಪದದ ಅರ್ಥ ಕೇಳಿದ ಹುಡುಗನಿಗೆ ಆ ಇಂಗ್ಲಿಷ್ ಪದದ ಅರ್ಥವನ್ನೂ ಹೇಳಬೇಕಾದ ದಿನಗಳಿವೆ.

ಇಲ್ಲೊಂದು ಮಾತು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕಡತದಿಂದ ಪದ ಕಾಪಿ ಮಾಡಿ ಅಲರಿನಲ್ಲಿ ಹಾಕಿದರೆ ಏನೂ ಸಿಗುವುದಿಲ್ಲ. ಆ ಫಾಂಟು ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ತಲೆ ಮೇಲೆ ಟೋಪಿ ಇಟ್ಟ, ಬಾಲ ಅಂಟಿಸಿದ ಇಂಗ್ಲಿಷ್ ಅಕ್ಷರ. ಮೊದಲು ಯೂನಿಕೋಡಿಗೆ, ಅಂದರೆ ಒಳಗೂ ಕನ್ನಡವೇ ಇರುವ ಅಕ್ಷರಕ್ಕೆ, ಬದಲಿಸಿಕೊಳ್ಳಬೇಕು. ನನ್ನ ಹಾರ್ಡ್ ಡಿಸ್ಕಿನಲ್ಲಿ ಹದಿನೈದು ವರ್ಷದ ಮದುವೆ ಕಾಗದ, ಅಭಿನಂದನಾ ಪತ್ರ, ಮೂರು ಕವನ ಸಂಕಲನ ಹಾಗೇ ಬಿದ್ದಿವೆ. ಕವಿಗಳಿಗೆ ಇನ್ನೂ ಹೇಳಿಲ್ಲ.

ಹಳೆಯದು ಎಂದಾಗ ವೇಬ್ಯಾಕ್ ಮಷಿನ್ ಬಗ್ಗೆ ಹೇಳಬೇಕು. ಇಂಟರ್ನೆಟ್ ಆರ್ಕೈವ್ ಎನ್ನುವ ಸಂಸ್ಥೆಯದು. ಬ್ರೂಸ್ಟರ್ ಕೇಲ್ 1996ರಲ್ಲಿ ಶುರು ಮಾಡಿದರು, 2001ರಲ್ಲಿ ಜನರಿಗೆ ತೆರೆದರು. ಜಗತ್ತಿನ ಸೈಟುಗಳ ಪುಟಗಳನ್ನು ಆಗಾಗ ನಕಲು ಮಾಡಿ ತೆಗೆದಿಡುವುದೇ ಕೆಲಸ. ಒಂಥರಾ ನನ್ನದೇ ಕಸುಬು, ಜೆರಾಕ್ಸು.

2004ರಲ್ಲಿ ಮಾರಿಕಾಂಬಾ ಜಾತ್ರೆ ವರ್ಷ. ನಾನೂ ಒಂದು ಸೈಟ್ ಮಾಡಿದ್ದೆ, ಜಿಯೋಸಿಟೀಸ್‌ನಲ್ಲಿ. ಅಲ್ಲಿ ಪುಕ್ಕಟೆ ಜಾಗ ಕೊಡುತ್ತಿದ್ದರು. ಜಾತ್ರೆಯ ಫೋಟೋ ಸ್ಕ್ಯಾನ್ ಮಾಡಿ, ಡಯಲ್‌ಅಪ್‌ನಲ್ಲಿ ಒಂದೊಂದಕ್ಕೂ ಹತ್ತು ನಿಮಿಷ ಕಾದು ಏರಿಸಿದ್ದು. ಕೆಳಗೆ ಎಷ್ಟು ಜನ ಬಂದರು ಎಂದು ಎಣಿಸುವ ಮೀಟರು. ಒಂದು ಮೂಲೆಯಲ್ಲಿ ಮಣ್ಣು ಅಗೆಯುವ ಮನುಷ್ಯನ ಕುಣಿಯುವ ಚಿತ್ರ, 'ಕೆಲಸ ನಡೆದಿದೆ' ಎಂಬ ಅರ್ಥದಲ್ಲಿ. ಆ ಕೆಲಸ ಎಂದೂ ಮುಗಿಯಲಿಲ್ಲ. 2009ರ ಅಕ್ಟೋಬರಿನಲ್ಲಿ ಯಾಹೂ ಜಿಯೋಸಿಟೀಸನ್ನೇ ಮುಚ್ಚಿತು. ಹೋಯ್ತು ಎಂದುಕೊಂಡು ಮರೆತಿದ್ದೆ.

ಹೋದ ದೀಪಾವಳಿಗೆ ಅಂಗಡಿ ಗುಡಿಸುವಾಗ ಡ್ರಾಯರಿನ ತಳದಲ್ಲಿ ನನ್ನ ಹಳೆ ವಿಸಿಟಿಂಗ್ ಕಾರ್ಡು ಸಿಕ್ಕಿತು. ಅದರ ಹಿಂದೆ ಆ ಸೈಟಿನ ಉದ್ದನೆಯ ವಿಳಾಸ. ಇದು ಮುಖ್ಯ. ವೇಬ್ಯಾಕಿನಲ್ಲಿ 'ಶಿರಸಿ ಜಾತ್ರೆ' ಎಂದು ಬರೆದು ಕೂತರೆ ಇಂಥ ಪುಟ ಸಿಗುವುದಿಲ್ಲ, ಪುಟದ ವಿಳಾಸವೇ ಬೇಕು. ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಟೈಪ್ ಮಾಡಿದೆ. ಒಂದು ಕ್ಯಾಲೆಂಡರ್ ಬಂತು. ಅದರ ಮೇಲೆ ಒಂದೇ ಒಂದು ನೀಲಿ ಚುಕ್ಕಿ. ಒತ್ತಿದೆ. ಬಂತು!

ಹಳದಿ ಹಿನ್ನೆಲೆ, ಕೆಂಪು ಅಕ್ಷರ, ನೋಡಿದರೆ ಕಣ್ಣುರಿ. ರಥದ ಫೋಟೋ ಇರಬೇಕಾದ ಜಾಗದಲ್ಲಿ ಹರಿದ ಚೌಕ. ಮೀಟರು ಕಾಣೆ. ಮಣ್ಣು ಅಗೆಯುವವನು ಮಾತ್ರ ಇದ್ದ, ಅಗೆಯುತ್ತಲೇ ಇದ್ದ. ಹೆಂಡತಿಯನ್ನು ಕರೆದು ತೋರಿಸಿದೆ. "ಇಷ್ಟು ಕೆಟ್ಟದಾಗಿ ಮಾಡಿದ್ರಾ?" ಎಂದಳು.

ಕಸುಬಿಗೂ ಇದು ಉಪಯೋಗ. ನೇಮಕಾತಿ ಅಧಿಸೂಚನೆಗಳು ಇವತ್ತು ಇರುತ್ತವೆ, ನಾಳೆ ಕೊಂಡಿ ಒತ್ತಿದರೆ ಪುಟವೇ ಇಲ್ಲ. ಒಂದು ಕಚೇರಿಯವರು ಕೊನೇ ದಿನಾಂಕವನ್ನು ಸದ್ದಿಲ್ಲದೆ ಬದಲಿಸಿದಾಗ ನಮ್ಮ ಹುಡುಗನೊಬ್ಬ ಹೇಳುವುದಕ್ಕೆ ಆಧಾರವಿಲ್ಲದೆ ಒದ್ದಾಡಿದ. ಆವತ್ತಿನಿಂದ ಅರ್ಜಿ ತುಂಬುವ ಮೊದಲು ಪುಟದ ವಿಳಾಸವನ್ನು ವೇಬ್ಯಾಕಿನ 'ಸೇವ್ ಪೇಜ್ ನೌ' ಡಬ್ಬಿಗೆ ಹಾಕಿಡುತ್ತೇನೆ. ತಾರೀಕು, ಸಮಯ ಸಮೇತ ಉಳಿಯುತ್ತದೆ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಇದೇ ಕೆಲವು ದಿನ ಬಾಗಿಲು ಹಾಕಿತ್ತು. ಹಾಗಾಗಿ ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇಡುತ್ತೇನೆ, ಯಾರನ್ನೂ ಪೂರ್ತಿ ನಂಬುವ ಕಾಲ ಅಲ್ಲ.

ರೇಡಿಯೋ ಡಾಟ್ ಗಾರ್ಡನ್ ಬಗ್ಗೆ ನಾನು ಹೇಳುವುದಕ್ಕಿಂತ ನಮ್ಮ ಹಿಂದಿನ ಓಣಿಯ ಅಮ್ಮ ಹೇಳಿದರೆ ಚೆಂದ. ನೆದರ್‌ಲ್ಯಾಂಡಿನವರು 2016ರಲ್ಲಿ ಮಾಡಿದ ಸೈಟು. ಭೂಗೋಳದ ಮೇಲೆ ಹಸಿರು ಚುಕ್ಕಿಗಳು, ಒತ್ತಿದ ಕಡೆಯ ರೇಡಿಯೋ ಆ ಕ್ಷಣವೇ ಕೇಳುತ್ತದೆ. ಆ ಅಮ್ಮ ಪಿಂಚಣಿಯ ಕಾಗದಕ್ಕೆ ಬಂದಿದ್ದರು. ಮಗ ಫಿನ್‌ಲ್ಯಾಂಡಿನ ಟಾಂಪೆರೆ ಊರಿನಲ್ಲಿದ್ದಾನೆ. ಪ್ರಿಂಟರ್ ಬಿಸಿಯಾಗುವವರೆಗೆ ಸುಮ್ನೆ ಇರಲಿ ಎಂದು ಟಾಂಪೆರೆಯ ಚುಕ್ಕಿ ಒತ್ತಿದೆ. ಇಲ್ಲಿ ಬೆಳಗಿನ ಹನ್ನೊಂದು, ಅಲ್ಲಿ ಎಂಟೂವರೆ. ಒಬ್ಬಳು ಮಾತಾಡುತ್ತಿದ್ದಳು. ಒಂದಕ್ಷರ ಅರ್ಥವಾಗಲಿಲ್ಲ. ಅಮ್ಮ ಸೆರಗು ಸರಿ ಮಾಡಿಕೊಂಡು, ಸ್ಪೀಕರಿನ ಕಡೆ ಕಿವಿ ಕೊಟ್ಟು ನಿಂತರು.

"ಇವಳು ಹವಾಮಾನ ಹೇಳ್ತಿದ್ದಾಳೆ ತಮ್ಮಾ."

"ನಿಮಗೆ ಹೇಗೆ ಗೊತ್ತಾಯ್ತು ಅಮ್ಮಾ?"

"ರಾಗ ನೋಡು. ನಮ್ಮ ಆಕಾಶವಾಣಿಯವರೂ ಹಾಗೇ ಹೇಳೋದು."

ಆ ಸಂಜೆ ಮಗನಿಗೆ ಫೋನ್ ಮಾಡಿ ನಿಮ್ಮೂರ ರೇಡಿಯೋ ಕೇಳಿದೆ ಎಂದರಂತೆ. ಮಗನಿಗೆ ಅಂಥ ಸ್ಟೇಷನ್ ಇರುವುದೇ ಗೊತ್ತಿರಲಿಲ್ಲವಂತೆ. ಈಗ ತಿಂಗಳಿಗೊಮ್ಮೆ ಬರುತ್ತಾರೆ. ಏನೂ ಪ್ರಿಂಟ್ ಇರುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಸಣ್ಣ ಬಾಟಲಿ ಕೌಂಟರಿನ ಮೇಲೆ ಇಟ್ಟು, "ಹಾಕು" ಎನ್ನುತ್ತಾರೆ.

ಎಲ್ಲ ಚುಕ್ಕಿಯೂ ಹಾಡುವುದಿಲ್ಲ, ಕೆಲವು ಸತ್ತಿರುತ್ತವೆ. ಮೊಬೈಲ್ ಆ್ಯಪಿನಲ್ಲಿ ಜಾಹೀರಾತು ಬರುತ್ತದೆ. ಬ್ರಿಟನ್ನಿನಲ್ಲಿರುವವರಿಗೆ ಹಕ್ಕುಸ್ವಾಮ್ಯದ ತಕರಾರಿನಿಂದ 2022ರ ನಂತರ ಅಲ್ಲಿನ ಸ್ಟೇಷನ್ ಮಾತ್ರ ಸಿಗುತ್ತದೆ. ಲಂಡನ್ನಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಬೆಂಗಳೂರು ಕೇಳೋಣ ಎಂದು ತೆರೆದು ನಿರಾಸೆಯಾಗಿ ನನಗೇ ಬೈದಳು.

ವಿಂಡೋಸ್ವಾಪ್ ನನಗೆ ಅಷ್ಟು ಹಿಡಿಸಲಿಲ್ಲ. 2020ರ ಲಾಕ್‌ಡೌನಿನಲ್ಲಿ ಸಿಂಗಾಪುರದ ದಂಪತಿ ಶುರು ಮಾಡಿದ್ದು. ಯಾರ್‍ಯಾರದೋ ಮನೆ ಕಿಟಕಿಯಿಂದ ಹೊರಗೆ ಕಾಣುವ ವಿಡಿಯೋ. ಆಗ ಮನೆಯೊಳಗೆ ಕೂತವರಿಗೆ ಜೀವ ಬಂದಿರಬೇಕು. ನಮ್ಮ ಮಳೆಗಾಲದ ನೆಟ್ಟಿಗೆ ವಿಡಿಯೋ ಭಾರ. ನಿಂತು ನಿಂತು ಬಂದ ಮೇಲೆ ನೋಡಿದರೆ, ಎಲ್ಲೋ ಒಂದು ಊರಲ್ಲಿ ಕಿಟಕಿ ಆಚೆ ಮಳೆ. ಅದನ್ನು ನೋಡಲು ನನಗೆ ಸೈಟು ಬೇಕಾ?

ಕೊನೆಗೆ ನೀಲ್ ಡಾಟ್ ಫನ್. ನೀಲ್ ಅಗರ್ವಾಲ್ ಎನ್ನುವ ಹುಡುಗನ ಆಟದ ಪೆಟ್ಟಿಗೆ. ಅದರಲ್ಲಿ 'ದಿ ಡೀಪ್ ಸೀ' ಎನ್ನುವ ಪುಟ ತೆರೆದು ಮಕ್ಕಳ ಕೈಗೆ ಮೌಸ್ ಕೊಡಿ. ಸಮುದ್ರದ ಮೇಲ್ಮೈಯಿಂದ ಶುರು. ಮೌಸಿನ ಚಕ್ರ ತಿರುಗಿಸಿದಷ್ಟೂ ಆಳಕ್ಕೆ ಇಳಿಯುತ್ತೀರಿ. ಮೀಟರ್ ಲೆಕ್ಕ ಓಡುತ್ತದೆ, ಆಯಾ ಆಳದ ಪ್ರಾಣಿಗಳು ಎದುರಾಗುತ್ತವೆ. ನೀರು ಮೊದಲು ತಿಳಿ ನೀಲಿ, ಆಮೇಲೆ ಕಡು ನೀಲಿ, ಆಮೇಲೆ ಕಪ್ಪು. ಸಾವಿರ ಮೀಟರಿಗೆ ಮುಗಿಯುತ್ತದೆ ಎಂದುಕೊಂಡಿರಾ? ಹತ್ತು ಸಾವಿರ ದಾಟಬೇಕು. ಅಕ್ಕನ ಮೊಮ್ಮಕ್ಕಳಿಬ್ಬರು ರಜೆಯಲ್ಲಿ ಅಂಗಡಿಗೆ ಬಂದು ಸರದಿಯ ಮೇಲೆ ಇಳಿದರು. ತಳ ಮುಟ್ಟಿದ ಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ನಾಲ್ಕನೇ ಸಲ ಆರು ಸಾವಿರ ಮೀಟರಿನ ಹತ್ತಿರ ಚಕ್ರ 'ಟಕ್' ಎಂದು ನಿಂತಿತು. ಮೌಸ್ ಎಂಟು ವರ್ಷದ್ದು, ಪಾಪ.

ಹೊಸದು 350 ರೂಪಾಯಿ. ಇಷ್ಟೂ ಸೈಟುಗಳಲ್ಲಿ ನನ್ನ ಕಿಸೆಗೆ ಕೈ ಹಾಕಿಸಿದ್ದು ಇದೊಂದೇ.