ಬಿಳಿ ಸಾಸೋ, ಕೆಂಪು ಸಾಸೋ?

ಬೆಳಗಾವಿ ಪೇಟೆಯ ನಡುವೆ ಅಗ್ಗದ ಇಟಾಲಿಯನ್ ಹೋಟೆಲ್ ಹೊಕ್ಕರೆ, ಅಲ್ಲೇ ಕೂತು ತಿನ್ನುವವರು ಬಿಳಿ ಸಾಸಿನ ಪಾಸ್ತಾ ಹೇಳಿ. ಬೆಣ್ಣೆ, ಮೈದಾ ಸಮ ತೂಕದಲ್ಲಿ ಹುರಿದು ಹಾಲು ಕೂಡಿಸಿದ ಸಾಸ್ ಇದು. ಬಿಸಿ ಇದ್ದಾಗ ಚಮಚದ ಬೆನ್ನಿಗೆ ತೆಳುವಾಗಿ ಅಂಟಬೇಕು. ಆರಿದರೆ ಪಿಷ್ಟ ಬಿಗಿದು ಮುದ್ದೆಯಾಗುತ್ತದೆ, ಪಾರ್ಸಲ್‌ಗೆ ಬೇಡವೇ ಬೇಡ. ಹಸಿ ಮೈದಾ ವಾಸನೆ ಬಂತೋ, ಹುರಿದದ್ದು ಸಾಲದು, ವಾಪಸ್ ಕಳಿಸಿ.

ಮನೆಗೆ ಒಯ್ಯುವವರಿಗೆ ಟೊಮೆಟೊ-ಬೆಳ್ಳುಳ್ಳಿಯ ಕೆಂಪು ಸಾಸೇ ಸೈ. ಮತ್ತೆ ಕಾಯಿಸುವಾಗ ಎರಡು ಚಮಚ ನೀರು ಚಿಮುಕಿಸಿದರೆ ಸಾಕು. ಸಿಹಿ ಮುಂದಾಗಿದ್ದರೆ ಕೆಚಪ್ ಬಿದ್ದಿದೆ ಅಂತಲೇ ಲೆಕ್ಕ. ರೊಟ್ಟಿ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ತಿಂದ ನಾಲಿಗೆಗೆ ಎರಡೂ ಸಪ್ಪೆಯೇ ಬಿಡಿ, ಖಾರ ಮೊದಲೇ ಹೇಳಿ.

ಸಾಸ್ ಯಾವುದಾದರೂ ಪಾಸ್ತಾ ಎಂಥದ್ದು ಅಂತ ಕೇಳಿ: ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯದು ಕುದ್ದರೂ ಗಟ್ಟಿ ನಿಲ್ಲುತ್ತದೆ, ಮೈದಾದ್ದು ಬೇಗ ಮೆತ್ತಗಾಗಿ ಅಂಟಿಕೊಳ್ಳುತ್ತದೆ.