ವಸಡು ಮತ್ತು ಬಾಯಿಹುಣ್ಣಿಗೆ ಪ್ರೊಪೋಲಿಸ್ ದ್ರಾವಣ: ಬಳಸಿದವರ ವಿಮರ್ಶೆ

ಮರದ ಮೊಗ್ಗು, ತೊಗಟೆಗಳಿಂದ ಒಸರುವ ಅಂಟನ್ನು ಜೇನುನೊಣಗಳು ತಂದು, ಮೇಣದೊಂದಿಗೆ ಬೆರೆಸಿ ಗೂಡಿನ ಬಿರುಕುಗಳನ್ನು ಮುಚ್ಚುತ್ತವೆ, ಅದೇ ಪ್ರೊಪೋಲಿಸ್. ನಮ್ಮ ತುಡುವೆ ಜೇನು ಇದನ್ನು ಸಂಗ್ರಹಿಸುವುದಿಲ್ಲವೆಂದೇ ಹೇಳಬಹುದು, ಯುರೋಪಿನಿಂದ ಬಂದ ಸಾಕು ತಳಿಯಾದ ಮೆಲ್ಲಿಫೆರಾ ಜೇನು ಧಾರಾಳವಾಗಿ ಸಂಗ್ರಹಿಸುತ್ತದೆ. ಇದನ್ನು ಮದ್ಯಸಾರದಲ್ಲಿ ಕರಗಿಸಿ, ಗಾಢ ಬಣ್ಣದ ಸೀಸೆಯಲ್ಲಿ ಡ್ರಾಪರ್ ಸಹಿತ ಮಾರುವ ದ್ರಾವಣವೊಂದನ್ನು ನಾನು ಕೆಲಕಾಲದಿಂದ ಬಳಸುತ್ತಿದ್ದೇನೆ.

ಅರ್ಧ ಲೋಟ ನೀರಿಗೆ ಕೆಲವು ಹನಿ ಬಿಟ್ಟೊಡನೆ, ಮದ್ಯಸಾರದಲ್ಲಿ ಕರಗಿದ್ದ ರಾಳವು ನೀರಿನಲ್ಲಿ ಕರಗಲಾರದೆ ಬೇರ್ಪಡುವುದರಿಂದ, ನೀರು ಹಳದಿ ಛಾಯೆಗೆ ತಿರುಗಿ ಕದಡುತ್ತದೆ. ಲೋಟದ ಅಂಚಿನಲ್ಲಿ ಉಳಿಯುವ ಕಂದು ಗೆರೆ ಸಾಬೂನಿಗೆ ಜಗ್ಗುವುದಿಲ್ಲ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕಾಗುತ್ತದೆ. ರುಚಿ ಕಹಿ, ಸ್ವಲ್ಪ ಒಗರು.

ನನಗೆ ಹೆಚ್ಚು ಪ್ರಯೋಜನ ಕಂಡದ್ದು ಬಾಯಿಹುಣ್ಣಿನಲ್ಲಿ. ಹುಣ್ಣಿನ ಮೇಲಿನ ಜೊಲ್ಲನ್ನು ಹತ್ತಿಯಿಂದ ಒತ್ತಿ ತೆಗೆದು ಒಂದು ಹನಿ ಹಚ್ಚಿದರೆ ಕ್ಷಣಕಾಲ ಚುರ್ರೆಂದು ಉರಿದು, ಅನಂತರ ತೆಳುವಾದ ಪೊರೆ ಕೂತು ಆ ಜಾಗ ಜೋಮು ಹಿಡಿದಂತಾಗುತ್ತದೆ; ಖಾರದ ಸಾರನ್ನವನ್ನೂ ನೋವಿಲ್ಲದೆ ಉಣ್ಣಬಹುದು. ವಸಡಿನ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ. ದಂತವೈದ್ಯರಲ್ಲಿ ಹಲ್ಲು ಕ್ಲೀನ್ ಮಾಡಿಸಿದ ಮೇಲೆ ರಕ್ತ ಒಸರುವುದು ನಿಂತಿತಾದ್ದರಿಂದ, ಅದರ ಶ್ರೇಯಸ್ಸನ್ನು ಈ ದ್ರಾವಣಕ್ಕೆ ಕೊಡುವುದು ನ್ಯಾಯವಲ್ಲ. ಗಟ್ಟಿಯಾದ ಪಾಚಿಯನ್ನು ಬಾಯಿ ಮುಕ್ಕಳಿಸಿ ತೆಗೆಯಲು ಸಾಧ್ಯವಿಲ್ಲ. ಫ್ಲೋರೈಡ್ ಇರುವ ಪೇಸ್ಟನ್ನು ಬಿಟ್ಟು ಇದೊಂದನ್ನೇ ನಂಬುವುದಂತೂ ಸರ್ವಥಾ ಕೂಡದು.

ಹಲ್ಲು ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಪ್ರೊಪೋಲಿಸ್ ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಯುರೋಪಿನ ಪ್ರೊಪೋಲಿಸ್ ಬಹುಪಾಲು ಪಾಪ್ಲರ್ ಮರದ ಮೊಗ್ಗುಗಳಿಂದ ಬಂದರೆ, ಬ್ರೆಜಿಲ್‌ನ ಹಸಿರು ಪ್ರೊಪೋಲಿಸ್ ಬ್ಯಾಕರಿಸ್ ಎಂಬ ಪೊದೆಯಿಂದ ಬರುತ್ತದೆ. ಎರಡರ ರಾಸಾಯನಿಕ ಅಂಶಗಳೂ ಬೇರೆ, ಆದ್ದರಿಂದ ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹೊಂದಿಸುವಂತಿಲ್ಲ. ನಾನು ಕೊಂಡ ಸೀಸೆಯ ಮೇಲೆ ಮೂಲದ ಊರಾಗಲಿ, ಸಸ್ಯವಾಗಲಿ, ಪ್ರೊಪೋಲಿಸ್‌ನ ಪ್ರಮಾಣವಾಗಲಿ ಇರಲಿಲ್ಲ. ಬಾಯಿಗೆ ಹಾಕುವ ಪದಾರ್ಥದಲ್ಲಿ ಇದು ಸಣ್ಣ ಲೋಪವಲ್ಲ, ಈ ದ್ರಾವಣವನ್ನು ನಾನು ಪೂರ್ತಿಯಾಗಿ ಮೆಚ್ಚದಿರಲು ಇದೇ ಮುಖ್ಯ ಕಾರಣ.

ಜೇನಿನ ಉತ್ಪನ್ನಗಳ ಅಲರ್ಜಿ ಅಥವಾ ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ತುಟಿ ತುರಿಸಿದರೆ ಅಥವಾ ಊದಿಕೊಂಡರೆ ಯಾರೇ ಆಗಲಿ ಕೂಡಲೇ ನಿಲ್ಲಿಸಬೇಕು. ಮದ್ಯಸಾರವಿರುವ ಕಾರಣ ಮಕ್ಕಳಿಗೆ ಕೊಡುವಂತಿಲ್ಲ. ಎರಡು ವಾರ ಕಳೆದರೂ ಮಾಯದ ಹುಣ್ಣನ್ನು ದಂತವೈದ್ಯರಿಗೆ ತೋರಿಸಲೇಬೇಕು, ತಂಬಾಕು ಅಥವಾ ಗುಟ್ಕಾ ಅಭ್ಯಾಸವಿರುವವರಂತೂ ಅಷ್ಟು ದಿನವೂ ಕಾಯಬಾರದು.