ಮೊದಲ ಮೆಟಲ್ ಡಿಟೆಕ್ಟರ್ ಕೊಳ್ಳುವವರಿಗೆ ಎಚ್ಚರಿಕೆ: ಪೆಟ್ಟಿಗೆಯ ಮೇಲಿನ ಆಳದ ಅಂಕಿಯನ್ನು ನಂಬಬೇಡಿ

ಹವ್ಯಾಸಕ್ಕೆಂದು ಮೆಟಲ್ ಡಿಟೆಕ್ಟರ್ ಕೊಳ್ಳಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಅದು ಎಷ್ಟು ಆಳದವರೆಗೆ ಹಿಡಿಯುತ್ತದೆ ಎಂಬುದು. ಮಾರುವವರಿಗೂ ಇದು ಚೆನ್ನಾಗಿ ಗೊತ್ತಿರುವುದರಿಂದ ಆಳದ ಅಂಕಿಯನ್ನೇ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿಸಿರುತ್ತಾರೆ. ನನಗೆ ಬಂದ ಯಂತ್ರದ ಪೆಟ್ಟಿಗೆಯ ಮೇಲೆ ಒಂದೂವರೆ ಮೀಟರ್ ಎಂದಿತ್ತು. ಮಣ್ಣಿನಲ್ಲಿ ಹೂತ ನಾಣ್ಯವನ್ನು ಅದು ಅರ್ಧ ಗೇಣಿನ ಆಳದಲ್ಲೂ ಗುರುತಿಸಲಿಲ್ಲ. ದೂರು ಕೊಟ್ಟಾಗ ಮಾರಿದವರು ಹಣ ಹಿಂತಿರುಗಿಸುವ ಬದಲು ಅದಕ್ಕಿಂತ ದೊಡ್ಡ ಮೋಸದ ಸರಕೊಂದನ್ನು ಮುಂದಿಟ್ಟರು. ಹೊಸಬರು ಇಂಥ ಯಂತ್ರಕ್ಕೆ ಹಣ ಸುರಿಯಬಾರದು ಎಂಬ ಕಾಳಜಿಯಿಂದ ನಡೆದುದನ್ನೂ ಅದರ ಹಿಂದಿನ ಕಾರಣಗಳನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಯಂತ್ರ ನೋಡಲು ಅಚ್ಚುಕಟ್ಟಾಗಿತ್ತು. ಹಗುರವಾದ ಅಲ್ಯೂಮಿನಿಯಂ ಕೋಲು, ಮೊಣಕೈಗೆ ಆಸರೆ, ಮುಳ್ಳು ಓಡಾಡುವ ಒಂದು ಮೀಟರ್, ಅದರ ಕೆಳಗೆ ಮೂರು ತಿರುಗುಗುಬ್ಬಿಗಳು: ಒಂದು ಧ್ವನಿಗೆ, ಒಂದು ಸೂಕ್ಷ್ಮತೆಗೆ, ಒಂದು ಬೇಡದ ಲೋಹವನ್ನು ಬಿಟ್ಟುಬಿಡುವ ಡಿಸ್ಕ್ರಿಮಿನೇಷನ್‌ಗೆ. ತುದಿಯಲ್ಲಿ ತಟ್ಟೆಯಾಕಾರದ ಕಾಯಿಲ್. ಕೆಡುಕು ಕಂಡದ್ದು ಹತ್ತಿರದಿಂದ ನೋಡಿದಾಗ. ಕಾಯಿಲ್‌ನ ಕುತ್ತಿಗೆಯ ಬಳಿ ವಯರ್ ಒಳಗೆ ಹೋಗುವ ಜಾಗದಲ್ಲಿ ಬಿಗಿಯಾದ ರಬ್ಬರ್ ಹಿಡಿತವಿರಲಿಲ್ಲ. ಬೆರಳಿನಿಂದ ವಯರನ್ನು ಸ್ವಲ್ಪ ಅಲುಗಿಸಿದರೂ ಯಂತ್ರ ಕಿರುಚುತ್ತಿತ್ತು. ಕಾಯಿಲ್ ಹುಲ್ಲಿನ ಕೂಳೆಗೆ ತಾಗಿದರೆ ಸಾಕು, ಕೆಳಗೆ ಲೋಹ ಸಿಕ್ಕಂತೆ ಅದೇ ಸದ್ದು. ಒಳ್ಳೆಯ ಕಾಯಿಲ್‌ನಲ್ಲಿ ಒಳಗಿನ ತಂತಿಯ ಸುರುಳಿಗಳು ಕೂದಲೆಳೆಯಷ್ಟೂ ಅಲುಗದಂತೆ ರಾಳ ತುಂಬಿ ಗಟ್ಟಿಮಾಡಿರುತ್ತಾರೆ, ಏಕೆಂದರೆ ಸಂಕೇತ ಹೊರಡಿಸುವ ಮತ್ತು ಮರಳಿ ಪಡೆಯುವ ಎರಡು ಸುರುಳಿಗಳ ನಡುವಿನ ಸಮತೋಲದ ಮೇಲೆಯೇ ಇಡೀ ಯಂತ್ರ ನಿಂತಿದೆ. ಆ ಸಮತೋಲ ತಟ್ಟಿದರೆ ಕೆಡುವಂತಿದ್ದರೆ ಉಳಿದ ಯಾವ ಗುಣವೂ ಉಪಯೋಗಕ್ಕೆ ಬರುವುದಿಲ್ಲ.

ಕಬ್ಬಿಣಾಂಶವಿರುವ ಕೆಮ್ಮಣ್ಣಿನ ಮೇಲೆ ಬೀಸಿದಾಗ ಅದು ಪ್ರತಿ ಬೀಸಿಗೂ ಕೂಗಿತು. ಸೂಕ್ಷ್ಮತೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ ಮೇಲೆ ಸುಮ್ಮನಾಯಿತು. ಆದರೆ ಆಗ ಬೆರಳುದ್ದದ ಆಳದಲ್ಲಿ ಹೂತಿಟ್ಟ ನಾಣ್ಯಕ್ಕೂ ಸುಮ್ಮನೆಯೇ ಇತ್ತು. ಅದೇ ನಾಣ್ಯವನ್ನು ಮಣ್ಣಿನಿಂದ ತೆಗೆದು, ಸೂಕ್ಷ್ಮತೆಯನ್ನು ಪೂರ್ತಿ ಏರಿಸಿ, ಗಾಳಿಯಲ್ಲಿ ಕಾಯಿಲ್‌ನ ಮುಂದೆ ಆಡಿಸಿದರೆ ಒಂದು ಗೇಣಿನ ದೂರದಿಂದಲೂ ಸ್ಪಷ್ಟವಾಗಿ ಸದ್ದು ಮಾಡುತ್ತಿತ್ತು. ಜಾಹೀರಾತಿನ ವಿಡಿಯೊಗಳಲ್ಲಿ ತೋರಿಸುವುದು ಈ ಗಾಳಿಯ ಪರೀಕ್ಷೆಯನ್ನೇ. ಗಾಳಿಯಲ್ಲಿ ಖನಿಜವಿಲ್ಲ, ಉಪ್ಪಿಲ್ಲ, ತುಕ್ಕಿನ ಚೂರುಗಳಿಲ್ಲ. ಆದ್ದರಿಂದ ಅಲ್ಲಿ ಸಿಕ್ಕ ದೂರ ನೆಲದೊಳಗಿನ ಆಳವಾಗುವುದಿಲ್ಲ.

ಆಳದ ವಿಷಯದಲ್ಲಿ ಪ್ರಕೃತಿಯ ನಿಯಮ ಬಹಳ ಕಠಿಣ. ಕಾಯಿಲ್ ಹೊರಡಿಸುವ ಕಾಂತಕ್ಷೇತ್ರ ಲೋಹವನ್ನು ತಲುಪಿ ಅದರಲ್ಲಿ ಸಣ್ಣ ಸುಳಿ ವಿದ್ಯುತ್ತನ್ನು ಹುಟ್ಟಿಸಬೇಕು. ಆ ವಿದ್ಯುತ್ ಉಂಟುಮಾಡುವ ಇನ್ನೂ ಕ್ಷೀಣವಾದ ಕ್ಷೇತ್ರ ಮೇಲಕ್ಕೆ ಬಂದು ಕಾಯಿಲ್ ಅನ್ನು ಮುಟ್ಟಬೇಕು. ಕಾಯಿಲ್‌ನ ಅಗಲಕ್ಕಿಂತ ದೂರ ಸರಿದಂತೆ ಹೋಗುವಾಗಲೂ ಬರುವಾಗಲೂ ಕ್ಷೇತ್ರದ ಬಲ ದೂರದ ಮೂರನೆಯ ಘಾತದಂತೆ ಕುಗ್ಗುತ್ತದೆ. ಎರಡೂ ಸೇರಿ ಆರನೆಯ ಘಾತವಾಗುತ್ತದೆ. ದೂರ ಇಮ್ಮಡಿಯಾದರೆ ಮರಳಿ ಬರುವ ಸಂಕೇತ 64 ಪಟ್ಟು ಕಡಿಮೆಯಾಗುತ್ತದೆ. ಈ ಕಾರಣದಿಂದಲೇ ಹವ್ಯಾಸಿಗಳ ಒಳ್ಳೆಯ ಯಂತ್ರಗಳೂ ಒಂದು ನಾಣ್ಯವನ್ನು ಸಾಧಾರಣ ಮಣ್ಣಿನಲ್ಲಿ 15ರಿಂದ 25 ಸೆಂಟಿಮೀಟರ್ ಆಳದಲ್ಲಿ ಹಿಡಿದರೆ ಅದನ್ನು ತೃಪ್ತಿಕರ ಎನ್ನುತ್ತಾರೆ. ಒಂದೂವರೆ ಮೀಟರ್ ಎಂಬ ಅಂಕಿ ಎಲ್ಲಿಂದ ಬಂತು ಎಂದರೆ, ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ "ದೊಡ್ಡ ಲೋಹದ ವಸ್ತುಗಳಿಗೆ ಅನ್ವಯ" ಎಂದು ಬರೆದಿತ್ತು. ವಸ್ತು ಎಷ್ಟು ದೊಡ್ಡದು, ಮಣ್ಣು ಎಂಥದು ಎಂಬುದನ್ನು ಹೇಳದ ಆಳದ ಅಂಕಿಗೆ ಅರ್ಥವೇ ಇಲ್ಲ. ನಾಣ್ಯದ ಆಳವನ್ನು ಪ್ರತ್ಯೇಕವಾಗಿ ತಿಳಿಸದೆ ಮೀಟರುಗಳ ಲೆಕ್ಕ ಹೇಳುವ ಯಾವ ಯಂತ್ರವನ್ನೂ ಹೊಸಬರು ಮುಟ್ಟದಿರುವುದೇ ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಯಂತ್ರದಲ್ಲಿ ಇಲ್ಲದೆ ಇದ್ದ ಮುಖ್ಯ ಸೌಲಭ್ಯವೆಂದರೆ ಗ್ರೌಂಡ್ ಬ್ಯಾಲೆನ್ಸ್. ಮಣ್ಣಿನಲ್ಲಿರುವ ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜಗಳು ತಾವೂ ಕಾಯಿಲ್‌ಗೆ ಸಂಕೇತವನ್ನು ಮರಳಿಸುತ್ತವೆ, ಮತ್ತು ಆ ಸಂಕೇತ ಆಳದಲ್ಲಿರುವ ನಾಣ್ಯದ ಸಂಕೇತಕ್ಕಿಂತ ಎಷ್ಟೋ ಪಟ್ಟು ಪ್ರಬಲವಾಗಿರುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಎಂದರೆ ನಿಂತ ನೆಲದ ಸಂಕೇತವನ್ನು ಯಂತ್ರಕ್ಕೆ ಪರಿಚಯಿಸಿ ಅದನ್ನು ಲೆಕ್ಕದಿಂದ ಕಳೆಯಿಸುವ ವ್ಯವಸ್ಥೆ. ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಅನ್ನು ಮೇಲೆ ಕೆಳಗೆ ಆಡಿಸುತ್ತಾ ಸದ್ದು ಏರದೆ ಇಳಿಯದೆ ನಿಲ್ಲುವವರೆಗೆ ಸರಿಹೊಂದಿಸಬೇಕು. ಕೆಲವು ಯಂತ್ರಗಳು ಒಂದು ಗುಂಡಿ ಒತ್ತಿದರೆ ತಾವೇ ಮಾಡಿಕೊಳ್ಳುತ್ತವೆ. ಅಗ್ಗದ ಯಂತ್ರಗಳಲ್ಲಿ ಇದನ್ನು ಕಾರ್ಖಾನೆಯಲ್ಲೇ ಒಂದು ಸಾಧಾರಣ ಮಣ್ಣಿಗೆ ಹೊಂದಿಸಿ ಬಿಟ್ಟಿರುತ್ತಾರೆ. ಖನಿಜ ಕಡಿಮೆಯಿರುವ ಮಣ್ಣಿನಲ್ಲಿ ಅಂಥದ್ದೂ ತಕ್ಕಮಟ್ಟಿಗೆ ನಡೆಯುತ್ತದೆ. ಕೆಮ್ಮಣ್ಣು, ಜಂಬಿಟ್ಟಿಗೆ ನೆಲ, ಕಪ್ಪು ಮರಳು, ಉಪ್ಪುನೀರಿನಿಂದ ಒದ್ದೆಯಾದ ಕಡಲತೀರ ಇವುಗಳಲ್ಲಿ ನಡೆಯುವುದಿಲ್ಲ. ನಿಮ್ಮ ನೆಲ ಕಷ್ಟದ್ದೆಂದು ತಿಳಿಯಲು ಒಂದು ಸುಲಭ ಉಪಾಯವಿದೆ: ಗಟ್ಟಿ ಆಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಣಮಣ್ಣಿನಲ್ಲಿ ಆಡಿಸಿ ನೋಡಿ. ಚೀಲದ ಮೇಲೆ ಕಪ್ಪು ಪುಡಿ ದಟ್ಟವಾಗಿ ಅಂಟಿದರೆ, ನೆಲಕ್ಕೆ ಹೊಂದಿಸಿಕೊಳ್ಳಲು ಬರುವ ಯಂತ್ರವನ್ನೇ ತೆಗೆದುಕೊಳ್ಳಿ.

ಹಣ ಹೋದದ್ದಕ್ಕಿಂತಲೂ ನನಗೆ ಹೆಚ್ಚು ನೋವು ತಂದ ಸಂಗತಿ ಬೇರೆಯದು. ಇಂಥ ಯಂತ್ರ ಕಲಿಯುವವರ ಕಿವಿಯನ್ನೇ ಕೆಡಿಸುತ್ತದೆ. ಸುಳ್ಳು ಸದ್ದು ಸತತವಾಗಿ ಬರುತ್ತಿದ್ದರೆ ನಿಜವಾದ ಸದ್ದಿನ ಮೇಲೂ ನಂಬಿಕೆ ಹೋಗುತ್ತದೆ; ಎರಡು ದಿಕ್ಕಿನಿಂದ ಬೀಸಿದಾಗಲೂ ಒಂದೇ ಸಮನಾಗಿ ಮರುಕಳಿಸುವ ಸಣ್ಣ ಧ್ವನಿಯನ್ನು ಗುರುತಿಸುವುದೇ ಈ ಹವ್ಯಾಸದ ಜೀವಾಳ, ಮತ್ತು ಅದನ್ನು ಕಲಿಯುವ ಅವಕಾಶವೇ ಇಲ್ಲವಾಗುತ್ತದೆ. ಡಿಸ್ಕ್ರಿಮಿನೇಷನ್ ವಿಷಯದಲ್ಲೂ ಹೀಗೆಯೇ. ನನ್ನ ಯಂತ್ರದ ಮೀಟರಿನಲ್ಲಿ "ಚಿನ್ನ" ಎಂದು ಗುರುತು ಹಾಕಿದ ಭಾಗವಿತ್ತು. ಮುಳ್ಳು ಅಲ್ಲಿಗೆ ಹೋದಾಗಲೆಲ್ಲ ಅಗೆದರೆ ಸಿಕ್ಕದ್ದು ಮಾತ್ರೆಯ ಪಟ್ಟಿಯ ಅಲ್ಯೂಮಿನಿಯಂ ಹಾಳೆ, ಡಬ್ಬಿಯ ಮುಚ್ಚಳ ಎಳೆಯುವ ಉಂಗುರ. ಯಾವ ದೊಡ್ಡ ಯಂತ್ರವಾದರೂ ಇಲ್ಲಿ ಪೂರ್ತಿ ಗೆಲ್ಲಲಾರದು, ಏಕೆಂದರೆ ಯಂತ್ರ ಅಳೆಯುವುದು ವಸ್ತುವಿನ ವಾಹಕತೆ, ಗಾತ್ರ ಮತ್ತು ಆಕಾರಗಳ ಒಟ್ಟು ಪರಿಣಾಮವನ್ನು, ಲೋಹದ ಹೆಸರನ್ನಲ್ಲ. ತೆಳುವಾದ ಚಿನ್ನದ ಉಂಗುರವೂ ಅಲ್ಯೂಮಿನಿಯಂ ಚೂರೂ ಒಂದೇ ಅಂಕಿಯಲ್ಲಿ ಕಾಣಿಸಬಹುದು. ತುಕ್ಕುಹಿಡಿದ ಅಗಲವಾದ ಕಬ್ಬಿಣದ ವಾಷರ್ ಬೆಳ್ಳಿಯ ಅಂಕಿಯನ್ನು ತೋರಿಸಬಹುದು. ಅಲ್ಯೂಮಿನಿಯಂ ಬೇಡವೆಂದು ಗುಬ್ಬಿಯನ್ನು ಮೇಲಕ್ಕೆ ತಿರುಗಿಸಿದವರು ಉಂಗುರವನ್ನೂ ಬೇಡವೆಂದಂತೆಯೇ. ಚಿನ್ನವನ್ನು ಮಾತ್ರ ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರೊಡನೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಇನ್ನು ದೂರಿನ ಕಥೆ. ಪರೀಕ್ಷೆಯ ವಿಡಿಯೊಗಳನ್ನು ಕಳುಹಿಸಿದಾಗ ಮೊದಲು ಬಂದ ಉತ್ತರ, ಕಾಯಿಲ್‌ಗೆ ಮಣ್ಣು ತಾಗಿರುವುದರಿಂದ ಯಂತ್ರವನ್ನು ಬಳಸಿದ್ದೆಂದು ಪರಿಗಣಿಸಲಾಗುವುದು, ವಾಪಸು ತೆಗೆದುಕೊಳ್ಳಲಾಗದು ಎಂಬುದು. ನೆಲದ ಮೇಲೆ ಬೀಸಲಿಕ್ಕೆಂದೇ ಮಾಡಿದ ಯಂತ್ರಕ್ಕೆ ಇಂಥ ಷರತ್ತು! ಅದರ ಬೆನ್ನಿಗೇ ಬಂದದ್ದು ಹೊಸ ಪ್ರಸ್ತಾಪ: ಇನ್ನಷ್ಟು ಹಣ ಕಟ್ಟಿದರೆ ದೂರದಿಂದಲೇ ಚಿನ್ನವನ್ನು ತೋರಿಸುವ ಆಂಟೆನಾ ಯಂತ್ರ ಕೊಡುತ್ತೇವೆ, ನೂರಾರು ಮೀಟರ್ ದೂರದವರೆಗೆ, ಹತ್ತಾರು ಮೀಟರ್ ಆಳದವರೆಗೆ ಅದು ಕೆಲಸ ಮಾಡುತ್ತದೆ ಎಂದರು. ಕೈಹಿಡಿಯ ಮೇಲೆ ಸಡಿಲವಾಗಿ ತಿರುಗುವ ಕಡ್ಡಿ, ಅದು ವಾಲಿದ ಕಡೆಗೆ ನಿಧಿ ಎಂಬ ವಿವರಣೆ.

ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಇಂಥ ಕಡ್ಡಿಯ ಯಂತ್ರಗಳಲ್ಲಿ ಲೋಹವನ್ನು ಹುಡುಕುವ ಯಾವ ಭಾಗವೂ ಇರುವುದಿಲ್ಲ; ಹಿಡಿದವರಿಗೇ ಅರಿವಾಗದಂತೆ ಕೈ ಮಾಡುವ ಅತಿ ಸಣ್ಣ ಚಲನೆಯಿಂದ ಕಡ್ಡಿ ತಿರುಗುತ್ತದೆ. ಕ್ವಾಡ್ರೊ ಟ್ರ್ಯಾಕರ್ ಎಂಬ ಹೆಸರಿನ ಇಂಥದೇ ಸಾಧನದ ಮಾರಾಟವನ್ನು ಅಮೆರಿಕದ ನ್ಯಾಯಾಲಯ 1996ರಲ್ಲಿ ನಿಷೇಧಿಸಿತು. ಎಡಿಇ 651 ಎಂಬುದನ್ನು ಬಾಂಬು ಪತ್ತೆಯ ಯಂತ್ರವೆಂದು ಇರಾಕ್‌ಗೆ ದೊಡ್ಡ ಸಂಖ್ಯೆಯಲ್ಲಿ ಮಾರಿದ್ದ ಬ್ರಿಟನ್ನಿನ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ವಂಚನೆಗಾಗಿ 10 ವರ್ಷಗಳ ಸೆರೆವಾಸವಾಯಿತು. ಆ ಸಾಧನದ ಮೂಲ, ಕಳೆದುಹೋದ ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಒಂದು ಆಟಿಕೆ. ತಪಾಸಣಾ ಠಾಣೆಗಳಲ್ಲಿ ಜನರ ಪ್ರಾಣವನ್ನೇ ಅದರ ಮೇಲೆ ಬಿಡಲಾಗಿತ್ತು ಎಂಬುದನ್ನು ನೆನೆದರೆ ಇಂಥ ಸರಕನ್ನು ಇಂದಿಗೂ ನಿಧಿಯ ಹೆಸರಿನಲ್ಲಿ ಮಾರುವವರ ಬಗ್ಗೆ ಸಿಟ್ಟು ಬಾರದೆ ಇರದು. ಕಾಯಿಲ್ ಅನ್ನು ವಸ್ತುವಿನ ಮೇಲೆಯೇ ತರದೆ ದೂರದಿಂದ ಸಣ್ಣ ಲೋಹವನ್ನು ತೋರಿಸುವ ಕೈಯಂತ್ರ ಇಲ್ಲ.

ನಕಲಿ ಸರಕಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹೆಸರಾಂತ ತಯಾರಕರ ಯಂತ್ರಗಳ ನಕಲುಗಳು ಅದೇ ಬಣ್ಣ, ಅದೇ ಅಕ್ಷರಗಳಲ್ಲಿ ಮಾರಾಟಕ್ಕಿವೆ; ತಯಾರಕರೇ ಈ ಕುರಿತು ಎಚ್ಚರಿಕೆ ಪ್ರಕಟಿಸಿದ್ದಾರೆ. ಹಣ ಕೊಡುವ ಮೊದಲು ಮಾರುವವರು ಅಧಿಕೃತರ ಪಟ್ಟಿಯಲ್ಲಿದ್ದಾರೆಯೇ ಎಂದು ನೋಡಿ, ಯಂತ್ರದ ಸೀರಿಯಲ್ ಸಂಖ್ಯೆಯನ್ನು ಕೇಳಿ ತಯಾರಕರಿಂದ ಖಚಿತಪಡಿಸಿಕೊಳ್ಳಿ. ಸಂಖ್ಯೆ ಕೊಡಲು ಹಿಂಜರಿದರೆ ಬೇರೆ ಕಡೆ ನೋಡುವುದು ಒಳಿತು.

ಹಾಗಾದರೆ ಮೊದಲ ಯಂತ್ರ ಹೇಗಿರಬೇಕು? ಒಣಭೂಮಿಯಲ್ಲಿ ನಾಣ್ಯ, ಉಂಗುರ, ಹಳೆಯ ಗುಂಡಿಗಳಂಥವನ್ನು ಹುಡುಕುವವರಿಗೆ ವಿಎಲ್‌ಎಫ್, ಅಂದರೆ ತೀರ ಕೆಳ ಆವರ್ತನದ ಕಾಂತಕ್ಷೇತ್ರವನ್ನು ಸತತವಾಗಿ ಹೊರಡಿಸುವ ಬಗೆಯ ಯಂತ್ರ ಸಾಕು. ಇವುಗಳಲ್ಲೂ ಕೆಳ ಆವರ್ತನ ಬೆಳ್ಳಿ, ತಾಮ್ರದಂಥ ಒಳ್ಳೆಯ ವಾಹಕಗಳಿಗೂ, ಮೇಲಿನ ಆವರ್ತನ ಸಣ್ಣ ಚಿನ್ನದ ಚೂರುಗಳಿಗೂ ಚೆನ್ನಾಗಿ ಒಗ್ಗುತ್ತದೆ. ಹೊಸಬರಿಗೆ ಇವೆರಡರ ನಡುವಿನದು ಅಥವಾ ಹಲವು ಆವರ್ತನಗಳಲ್ಲಿ ಒಟ್ಟಿಗೆ ಕೆಲಸ ಮಾಡುವುದು ಅನುಕೂಲ. ಕಾಂತಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿತಗಳಾಗಿ ಹೊರಡಿಸುವ ಪಲ್ಸ್ ಇಂಡಕ್ಷನ್ ಯಂತ್ರಗಳು ಉಪ್ಪುಮರಳಿನಲ್ಲೂ ಖನಿಜದ ನೆಲದಲ್ಲೂ ಆಳಕ್ಕೆ ಹೋಗುತ್ತವೆ ನಿಜ, ಆದರೆ ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಹಿಂದೆ ಬೀಳುವುದರಿಂದ ಮೊಳೆಗಳನ್ನೇ ಅಗೆಯಬೇಕಾಗುತ್ತದೆ. ಖನಿಜದ ಮಣ್ಣಿಗೆ, ಇಂಗ್ಲಿಷಿನ D ಆಕಾರದ ಎರಡು ಸುರುಳಿಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ ಡಬಲ್ ಡಿ ಕಾಯಿಲ್ ಒಳ್ಳೆಯದು. ಕಾಯಿಲ್ ನೀರು ತಡೆಯುತ್ತದೆ ಎಂದ ಮಾತ್ರಕ್ಕೆ ಮೇಲಿನ ನಿಯಂತ್ರಣ ಪೆಟ್ಟಿಗೆಯೂ ತಡೆಯುತ್ತದೆ ಎಂದು ಭಾವಿಸಬೇಡಿ, ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಿ. ಇರುವ ಹಣದಲ್ಲಿ ಸ್ವಲ್ಪವನ್ನು ಪಿನ್‌ಪಾಯಿಂಟರ್‌ಗೆ ಉಳಿಸಿಕೊಳ್ಳಿ. ಅಗೆದ ಮಣ್ಣಿನಲ್ಲಿ ವಸ್ತು ಎಲ್ಲಿದೆ ಎಂದು ತೋರಿಸುವ ಆ ಕೈಗೋಲು ಇಲ್ಲದೆ ಹುಡುಕುವುದು ಬಹಳ ಬೇಸರದ ಕೆಲಸ. ಪರಿಚಯದ ಹವ್ಯಾಸಿಗಳು ಬಳಸಿ ಬಿಟ್ಟ ಒಳ್ಳೆಯ ಹಳೆಯ ಯಂತ್ರ ಸಿಕ್ಕರೆ ಹೆಸರಿಲ್ಲದ ಹೊಸದಕ್ಕಿಂತ ಅದನ್ನೇ ಆರಿಸಿಕೊಳ್ಳಿ. ಜಮೀನಿನ ಒಡೆಯರ ಒಪ್ಪಿಗೆ, ಪುರಾತನ ಸ್ಥಳಗಳ ಕುರಿತು ನೀವಿರುವ ದೇಶದ ಕಾನೂನು ಇವೆರಡನ್ನೂ ಕೊಳ್ಳುವ ಮುಂಚೆಯೇ ತಿಳಿದುಕೊಳ್ಳಿ.

ಯಂತ್ರ ಕೈಸೇರಿದ ಮೇಲೆ ವಾಪಸಾತಿಯ ಅವಧಿ ಮುಗಿಯುವುದರೊಳಗೆ ಪರೀಕ್ಷಿಸಿ, ಮತ್ತು ಮನೆಯೊಳಗೆ ಪರೀಕ್ಷಿಸಬೇಡಿ. ನೆಲದ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಎಲ್‌ಇಡಿ ದೀಪ, ವಿದ್ಯುತ್ ತಂತಿ ಇವೆಲ್ಲ ಒಳ್ಳೆಯ ಯಂತ್ರವನ್ನೂ ಕೂಗಿಸುತ್ತವೆ. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದೊಳಗಿನ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮ ಸಾಧನದಿಂದ ಹುಡುಕಲಾಗದೆ ಹೋದದ್ದಕ್ಕೆ ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಒಂದು ಕಾರಣವೆಂದು ಹೇಳುತ್ತಾರೆ. ಬಯಲಿನಲ್ಲಿ, ಫೋನನ್ನು ದೂರವಿಟ್ಟು, ಲೋಹವಿಲ್ಲದ ಜಾಗ ಹುಡುಕಿ 5, 10, 15 ಸೆಂಟಿಮೀಟರ್ ಆಳಗಳಲ್ಲಿ ಒಂದೊಂದು ನಾಣ್ಯ ಹೂಳಿ, ಒಂದರ ಪಕ್ಕದಲ್ಲಿ ತುಕ್ಕು ಮೊಳೆಯನ್ನೂ ಇಡಿ. ಹೊಸದಾಗಿ ಅಗೆದ ಮಣ್ಣಿನಲ್ಲಿ ಸದ್ದು ಸ್ವಲ್ಪ ಮಂಕಾಗಿರಬಹುದು, ಆದರೆ 10 ಸೆಂಟಿಮೀಟರಿನ ನಾಣ್ಯ ಎರಡೂ ದಿಕ್ಕಿನ ಬೀಸಿನಲ್ಲಿ ಕೇಳಿಸಲೇಬೇಕು. ವಯರನ್ನು ಅಲುಗಿಸಿ ನೋಡಿ, ಕಾಯಿಲ್ ಅನ್ನು ಹುಲ್ಲಿಗೆ ತಾಗಿಸಿ ನೋಡಿ. ಪೆಟ್ಟಿಗೆ ಬಿಚ್ಚುವುದರಿಂದ ಹಿಡಿದು ಪರೀಕ್ಷೆ ಮುಗಿಯುವವರೆಗೆ ಎಲ್ಲವನ್ನೂ ವಿಡಿಯೊ ಮಾಡಿಸಿ. ನೆಲದ ಮೇಲೆ ಪರೀಕ್ಷಿಸುವ ಮೊದಲು ಕಾಯಿಲ್ ಮತ್ತು ಕೋಲಿನ ಕೆಳಭಾಗವನ್ನು ತೆಳುವಾದ ಶುಭ್ರ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಬಿಡಿ. ಪ್ಲಾಸ್ಟಿಕ್ ಕಾಂತಕ್ಷೇತ್ರಕ್ಕೆ ಅಡ್ಡಬರುವುದಿಲ್ಲ, ಮತ್ತು ಮಣ್ಣು ತಾಗಿದೆ ಎಂಬ ನೆಪ ಹೇಳಿ ಹಣ ಹಿಂತಿರುಗಿಸದೆ ಇರಲು ಮಾರಿದವರಿಗೆ ಅವಕಾಶವಿರುವುದಿಲ್ಲ.